ತರಗತಿ ಮುಗಿದ ಮೇಲೂ ಉಳಿಯುವ ಕಟಾ
ಮೋರಟಗಿ ಸೀಮೆಯ ಕರಾಟೆ ಅಭ್ಯಾಸಿಗಳಿಗೆ ಒಂದು ಬಹಿರಂಗ ಪತ್ರ

ಮೋರಟಗಿಯಲ್ಲಿಯೂ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಊರೂರುಗಳಲ್ಲಿಯೂ ಕರಾಟೆ ಕಲಿಯುತ್ತಿರುವ ತರುಣ ತರುಣಿಯರಿಗೆ, ಕಲಿಸುತ್ತಿರುವ ಮಾಸ್ತರರಿಗೆ, ಮಕ್ಕಳನ್ನು ನೆಚ್ಚಿ ತರಗತಿಗೆ ಕಳುಹಿಸುವ ತಾಯಿತಂದೆಗಳಿಗೆ,

ನಿಮ್ಮಲ್ಲಿ ಇಬ್ಬರು ಅಭ್ಯಾಸಿಗಳು ಒಂದೆಡೆ ಕಲೆತರೆ, ಬೆಲ್ಟು ಯಾವುದು, ಮಾಸ್ತರರು ಯಾರು ಎಂಬ ವಿಚಾರಣೆ ಮುಗಿದ ಒಡನೆಯೇ ಬರುವ ಪ್ರಶ್ನೆ, ‘ನಿನಗ ಯಾವ ಕಟಾ ಭಾಳ ಸೇರತದ?’ ಎಂಬುದು. ಮೇಲುನೋಟಕ್ಕೆ ಇದು ಹೊತ್ತು ಕಳೆಯುವ ಮಾತೆಂದು ತೋರಿದರೂ, ಒಬ್ಬ ಅಭ್ಯಾಸಿಯು ಈ ವಿದ್ಯೆಯಿಂದ ಏನನ್ನು ಬಯಸುತ್ತಾನೆ, ಅದಕ್ಕಾಗಿ ಎಷ್ಟು ಶ್ರಮವನ್ನು ತೆರಲು ಸಿದ್ಧನಿದ್ದಾನೆ, ತರಗತಿಯ ಬಾಗಿಲು ಮುಚ್ಚಿದ ತರುವಾಯ ಅವನ ಬಳಿ ಏನು ಉಳಿದೀತು ಎಂಬುದೆಲ್ಲವೂ ಅವನು ಕೊಡುವ ಉತ್ತರದಲ್ಲಿ ಅಡಗಿರುವುದರಿಂದ, ಆ ಪ್ರಶ್ನೆಯನ್ನು ಅದಕ್ಕೆ ತಕ್ಕ ಗಾಂಭೀರ್ಯದಿಂದ ವಿಚಾರಿಸಬೇಕೆಂದು ನನಗೆ ಬಹುದಿನಗಳಿಂದ ಅನ್ನಿಸುತ್ತ ಬಂದಿದೆ. ಈ ಪತ್ರವನ್ನು ಬರೆಯುವುದಕ್ಕೆ ಅದೇ ಕಾರಣ.

ಈಚೆಗೆ ಕೇಳಿಬರುವ ಉತ್ತರಗಳು ಬಹುಮಟ್ಟಿಗೆ ಮೊಬೈಲಿನ ಪರದೆಯ ಮೇಲೆ ಕಂಡವು. ಗಾಳಿಯಲ್ಲಿ ದೇಹವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನೆಲಕ್ಕಿಳಿಯುವ ಉನ್ಸು, ಗೋಜು ಪರಂಪರೆಯ ಕೊನೆಯ ಮೆಟ್ಟಿಲೆನಿಸಿದ ಸುಪಾರಿಂಪೈ, ಒಲಿಂಪಿಕ್ಸ್ ನೋಡಿದವರ ಮನಸ್ಸಿನಲ್ಲಿ ನಿಂತುಹೋದ ಚಾತನ್ಯಾರಾ ಕುಶಾಂಕು, ಇವು ಹಳದಿ ಬೆಲ್ಟಿನ ಬಾಲಕರ ಬಾಯಲ್ಲಿಯೂ ಬರುತ್ತವೆ. ದೊಡ್ಡದನ್ನು ಕಂಡು ಬೆರಗಾಗುವುದು ಎಳೆಯ ವಯಸ್ಸಿನ ಸಹಜ ಧರ್ಮವಾಗಿರುವುದರಿಂದ ಇದರಲ್ಲಿ ನಿಂದಿಸತಕ್ಕದ್ದೇನೂ ಇಲ್ಲ. ಆದರೆ ದೂರದಿಂದ ಕಂಡು ಮೆಚ್ಚುವುದು ಒಂದು, ದಿನವೂ ಬೆವರು ಸುರಿಸಿ ತನ್ನದನ್ನಾಗಿ ಮಾಡಿಕೊಳ್ಳುವುದು ಇನ್ನೊಂದು. ಮೆಚ್ಚಿನ ಕಟಾ ಎಂಬ ಮಾತು ಈ ಎರಡನೆಯದಕ್ಕೆ ಮಾತ್ರ ಸಲ್ಲತಕ್ಕದ್ದು ಎಂಬುದು ನನ್ನ ದೃಢವಾದ ನಂಬಿಕೆ.

ಕರಾಟೆಯ ಪರಿಚಯವಿಲ್ಲದ ಹಿರಿಯರೂ ಈ ಪತ್ರವನ್ನು ಓದಬಹುದಾದುದರಿಂದ ಕಟಾ ಎಂದರೇನೆಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಎದುರಾಳಿಯೊಡನೆ ನೇರವಾಗಿ ಸೆಣಸುವ ಕುಮಿಟೆ ಈ ವಿದ್ಯೆಯ ಒಂದು ಅಂಗವಾದರೆ, ತಡೆ, ಹೊಡೆತ, ಒದೆತ, ತಿರುವು, ಬಿಡಿಸಿಕೊಳ್ಳುವಿಕೆ ಮುಂತಾದ ಕ್ರಿಯೆಗಳನ್ನು ಗೊತ್ತಾದ ಕ್ರಮದಲ್ಲಿ, ಗೊತ್ತಾದ ದಿಕ್ಕುಗಳಲ್ಲಿ, ಎದುರಾಳಿಯನ್ನು ಮನಸ್ಸಿನಲ್ಲಿಯೇ ನಿಲ್ಲಿಸಿಕೊಂಡು ಒಬ್ಬನೇ ಮಾಡುವ ಪಾಠ ಕಟಾ. ಶೋಟೋಕಾನ್ ಶಾಖೆಯಲ್ಲಿ ಇಂಥ ಇಪ್ಪತ್ತಾರು ಕಟಾಗಳಿವೆ. ಗೋಜು, ಶಿತೋ, ವಾದೋ ಮುಂತಾದ ಶಾಖೆಗಳಿಗೆ ತಮ್ಮ ತಮ್ಮ ಸಂಪತ್ತು ಬೇರೆಯೇ ಇದ್ದು, ವಿಶ್ವ ಕರಾಟೆ ಒಕ್ಕೂಟವು ಸ್ಪರ್ಧೆಗೆ ಒಪ್ಪಿದ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಹೆಸರುಗಳಿವೆ. ಇಷ್ಟು ದೊಡ್ಡ ಭಂಡಾರದಿಂದ ಒಂದನ್ನು ಆರಿಸಿಕೊಳ್ಳುವುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ದೇಹವನ್ನು ಶಾಸ್ತ್ರೋಕ್ತವಾಗಿ ಪಳಗಿಸುವ ಸಂಪ್ರದಾಯ ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದ್ದು, ಮಲ್ಲರ ಆಹಾರ, ವ್ಯಾಯಾಮ, ಕಾಳಗಗಳ ವಿಚಾರ ಅಲ್ಲಿ ಬಂದಿದೆ. ಗರಡಿಮನೆಯ ಕೆಮ್ಮಣ್ಣು, ಜಾತ್ರೆಯ ಕುಸ್ತಿ, ಭಾರ ಎತ್ತುವ ಪಂದ್ಯ, ಮೊಹರಮ್ಮಿನ ಹೆಜ್ಜೆ ಮೇಳದಲ್ಲಿ ಹತ್ತಾರು ಜನ ಒಂದೇ ತಾಳಕ್ಕೆ ಕಾಲಿಡುವ ಶಿಸ್ತು, ಇವನ್ನೆಲ್ಲ ನೋಡುತ್ತ ಬೆಳೆದ ಈ ಸೀಮೆಯ ಮಕ್ಕಳಿಗೆ ದೂರದ ಓಕಿನಾವಾ ದ್ವೀಪದ ಈ ವಿದ್ಯೆಯು ತೀರ ಪರಕೀಯವೆಂದು ತೋರದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೂ ಒಂದು ಮುಖ್ಯವಾದ ಭೇದವುಂಟು. ಕುಸ್ತಿಗೆ ಜೊತೆಗಾರ ಬೇಕು, ಹದಮಾಡಿದ ಅಖಾಡ ಬೇಕು, ಮೈಗೆ ತಕ್ಕ ಖುರಾಕು ಬೇಕು, ನಮ್ಮ ಊರುಗಳಲ್ಲಿ ಇಂದಿಗೂ ಬಹುಪಾಲು ಅದು ಗಂಡುಮಕ್ಕಳ ಸೊತ್ತಾಗಿಯೇ ಉಳಿದಿದೆ. ಕಟಾಕ್ಕಾದರೋ ಎಂಟು ಹತ್ತು ಹೆಜ್ಜೆಯ ನೆಲ ಮತ್ತು ಅಭ್ಯಾಸಿಯ ಸಂಕಲ್ಪ, ಇವೆರಡರ ಹೊರತು ಮತ್ತೇನೂ ಬೇಕಿಲ್ಲ. ಈ ಭೇದದ ಮೇಲೆಯೇ ನನ್ನ ವಾದವೆಲ್ಲ ನಿಂತಿದೆ.

ಕರಾಟೆ ಶಾಲೆಯ ಅಂಗಳಕ್ಕೆ ಬಂದ ಬಗೆಯನ್ನು ನೆನೆದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಓಕಿನಾವಾದಲ್ಲಿ ಬಹುಕಾಲ ಇರುಳಿನಲ್ಲಿ, ಗುಟ್ಟಾಗಿ, ಬೆರಳೆಣಿಕೆಯ ಶಿಷ್ಯರಿಗೆ ಮಾತ್ರ ಹೇಳಿಕೊಡಲಾಗುತ್ತಿದ್ದ ಈ ವಿದ್ಯೆಯನ್ನು ೨೦ನೆಯ ಶತಮಾನದ ಮೊದಲ ದಶಕದಲ್ಲಿ ಅಲ್ಲಿಯ ಶಾಲೆಗಳಿಗೆ ತಂದವರು ಆಂಕೋ ಇತೋಸು ಎಂಬ ಹಿರಿಯರು. ಹಳೆಯ ಕಟಾಗಳು ಮಕ್ಕಳಿಗೆ ದೀರ್ಘವೂ ಕಠಿನವೂ ಆದಾವೆಂದು ಬಗೆದು, ಪಿನಾನ್ ಎಂಬ ಐದು ಚಿಕ್ಕ ಕಟಾಗಳನ್ನು ಅವರು ಸಿದ್ಧಪಡಿಸಿದರು. ಶೋಟೋಕಾನ್ ಶಾಲೆಗಳಲ್ಲಿ ಇಂದು ಹೆಯಾನ್ ಎಂಬ ಹೆಸರಿನಲ್ಲಿ ನೀವು ಕಲಿಯುವ ಐದೂ ಅವೇ. ಅದೇ ಇತೋಸು ಅವರು ೧೯೦೮ರ ಅಕ್ಟೋಬರಿನಲ್ಲಿ ಹತ್ತು ಸೂತ್ರಗಳ ಒಂದು ಪತ್ರವನ್ನು ಬರೆದು ಶಿಕ್ಷಣದ ಅಧಿಕಾರಿಗಳ ಮುಂದಿಟ್ಟರು. ಕಲಿಯುವ ಕಟಾವನ್ನು ದೇಹಾರೋಗ್ಯಕ್ಕಾಗಿ ಕಲಿಯುತ್ತೀರೋ, ಕಷ್ಟಕಾಲದ ಪ್ರಯೋಗಕ್ಕಾಗಿ ಕಲಿಯುತ್ತೀರೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕೆಂಬುದು ಆ ಸೂತ್ರಗಳಲ್ಲಿ ಒಂದು. ನೂರು ವರ್ಷಗಳಿಗೂ ಹಿಂದೆ ಒಬ್ಬ ಗುರು ಎತ್ತಿದ ಈ ವಿಚಾರವನ್ನು ಇಂದಿನ ನಮ್ಮ ತರಗತಿಗಳಲ್ಲಿ ಎಷ್ಟು ಜನ ಕೇಳಿಕೊಂಡಿದ್ದಾರು?

ಇನ್ನು ಈ ವಿದ್ಯೆಯ ಮಹನೀಯರು ತಮ್ಮ ಕಟಾಗಳೊಡನೆ ಬಾಳಿದ ರೀತಿಯನ್ನು ನೋಡಿ. ಗಿಚಿನ್ ಫುನಾಕೋಶಿಯವರು ವೃತ್ತಿಯಿಂದ ಶಾಲಾಮಾಸ್ತರರು. ಹಗಲು ಮಕ್ಕಳಿಗೆ ಪಾಠ ಹೇಳಿ, ಇರುಳು ತಮ್ಮ ಗುರು ಆಂಕೋ ಅಜಾತೊ ಅವರ ಮನೆಯಂಗಳಕ್ಕೆ ನಡೆದುಹೋಗಿ, ಗುರುಗಳು ‘ಮತ್ತೊಮ್ಮೆ’ ಎಂದಷ್ಟೂ ಸಲ ಅದೇ ಕಟಾವನ್ನು ಮಾಡುತ್ತ, ಒಂದು ಕಟಾದಿಂದ ಇನ್ನೊಂದಕ್ಕೆ ಹೋಗುವ ಅಪ್ಪಣೆಗಾಗಿ ತಿಂಗಳುಗಟ್ಟಲೆ ಕಾದವರು. ತೆಕ್ಕಿ ಎಂಬ ಮೂರು ಕಟಾಗಳಿಗೆ ತಮಗೆ ಹತ್ತು ವರ್ಷ ಹಿಡಿಯಿತೆಂದು ಅವರೇ ಬರೆದಿದ್ದಾರೆ. ಒಂದು ಕಟಾಕ್ಕೆ ಮೂರು ವರ್ಷ ಎಂಬುದು ಅಂದಿನ ಲೆಕ್ಕ. ೧೯೨೨ರಲ್ಲಿ ಅವರು ಟೋಕಿಯೋ ನಗರಕ್ಕೆ ಹೋಗಿ, ಜೂಡೋ ವಿದ್ಯೆಯ ಸ್ಥಾಪಕರಾದ ಜಿಗೋರೋ ಕಾನೋ ಅವರ ಕೋದೋಕಾನ್ ಶಾಲೆಯಲ್ಲಿ ತಮ್ಮ ವಿದ್ಯೆಯನ್ನು ತೋರಿಸಬೇಕಾಗಿ ಬಂದಾಗ, ಅವರು ಆರಿಸಿಕೊಂಡದ್ದು ಅರವತ್ತೈದು ಕ್ರಿಯೆಗಳ ಕುಶಾಂಕುವನ್ನು, ಎಂದರೆ ನೀವು ಕಾಂಕು ದಾಯ್ ಎಂದು ಕರೆಯುವ ಕಟಾವನ್ನು. ಪ್ರಸಿದ್ಧ ಹೋರಾಟಗಾರರಾಗಿದ್ದ ಚೋಕಿ ಮೊತೊಬು ಅವರಿಗೆ ನೈಹಾಂಚಿಯೇ ಸರ್ವಸ್ವ. ತೆಕ್ಕಿಯ ಹಳೆಯ ಹೆಸರೇ ಅದು. ಗೋಜು ಪರಂಪರೆಯ ಚೋಜುನ್ ಮಿಯಾಗಿಯವರಿಗಾದರೋ ಉಸಿರನ್ನೂ ನಿಲುವನ್ನೂ ಏಕಕಾಲದಲ್ಲಿ ಪಳಗಿಸುವ ಸಾಂಚಿನ್ ಸಕಲಕ್ಕೂ ಅಸ್ತಿಭಾರವಾಗಿತ್ತು. ಈ ಮೂವರೂ ಆರಿಸಿಕೊಂಡವುಗಳಲ್ಲಿ ಜಿಗಿತವು ಕಾಂಕುವೊಂದರಲ್ಲಿ ಮಾತ್ರ ಬರುತ್ತದೆ. ತೆಕ್ಕಿಯಾಗಲಿ ಸಾಂಚಿನ್ ಆಗಲಿ ನೋಡುವವರ ಕಣ್ಣಿಗೆ ಹಬ್ಬವಾಗುವಂಥವಲ್ಲವೇ ಅಲ್ಲ.

ಈಗ ನಿಮಗೆಲ್ಲರಿಗೂ ಗೊತ್ತಿರುವ, ಗೊತ್ತಿದೆಯೆಂಬ ಕಾರಣದಿಂದಲೇ ಅನಾದರಕ್ಕೆ ಗುರಿಯಾಗಿರುವ ಹೆಯಾನ್ ಶೋದಾನ್ ಕಟಾವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಪ್ಪತ್ತೊಂದು ಕ್ರಿಯೆಗಳು, ಒಂದು ನಿಮಿಷದೊಳಗೆ ಮುಗಿಯುತ್ತದೆ. ಎಡಕ್ಕೆ ತಿರುಗಿ ಕೆಳತಡೆ, ಒಂದು ಹೆಜ್ಜೆ ಮುಂದಿಟ್ಟು ಬಲಗೈಯ ಗುದ್ದು; ಹಿಂದಕ್ಕೆ ಹೊರಳಿ ಮತ್ತೆ ಕೆಳತಡೆ; ಆಮೇಲೆ, ಯಾರೋ ಮಣಿಕಟ್ಟನ್ನು ಹಿಡಿದರೆಂಬ ಭಾವದಿಂದ ಮುಂದಿನ ಕಾಲನ್ನು ತುಸು ಹಿಂದೆಳೆದು, ಹಿಡಿತದಿಂದ ಕೈಯನ್ನು ಕಿತ್ತು, ಮುಷ್ಟಿಯ ಕೆಳಬದಿಯಿಂದ ಮೇಲಿನಿಂದ ಬಡಿಯುವ ಕ್ರಿಯೆ. ಮಧ್ಯದ ಗೆರೆಯಲ್ಲಿ ಮೂರು ಮೇಲ್ತಡೆಗಳು, ಮೂರನೆಯದರಲ್ಲಿ ಕಿಯಾಯ್ ಎಂಬ ಗಟ್ಟಿಯಾದ ಕೂಗು. ಅಲ್ಲಿಂದ ಮುಕ್ಕಾಲು ಸುತ್ತು ತಿರುಗಿ ಬದಿಯ ಗೆರೆ. ಮರಳುವಾಗ ಮೂರು ಗುದ್ದು, ಮೂರನೆಯದರಲ್ಲಿ ಇನ್ನೊಂದು ಕಿಯಾಯ್. ಕಟ್ಟಕಡೆಗೆ ದೇಹಭಾರದ ಬಹುಪಾಲನ್ನು ಹಿಂಗಾಲಿನ ಮೇಲೆ ಹೊತ್ತು ತೆರೆದ ಅಂಗೈಯ ಅಂಚಿನಿಂದ ನಾಲ್ಕು ತಡೆಗಳು.

ಇಷ್ಟನ್ನು ಒಂದು ವಾರದಲ್ಲಿ ಕಲಿತು ಮುಗಿಸಬಹುದೆಂಬುದು ನಿಜ. ಆದರೆ ಹಾಗೆ ಕಲಿತವನನ್ನು ಕರೆದು ಮುಕ್ಕಾಲು ಸುತ್ತಿನ ಆ ತಿರುವನ್ನು ಮಾಡಿಸಿ ನೋಡಿ: ತಲೆ ಮೊದಲು ತಿರುಗುವ ಬದಲು ಕೊನೆಗೆ ತಿರುಗುತ್ತದೆ, ದೃಷ್ಟಿ ನೆಲಕ್ಕೆ ಬೀಳುತ್ತದೆ, ಹಿಂಗಾಲಿನ ಹಿಮ್ಮಡಿ ಮೇಲೇಳುತ್ತದೆ, ಸೊಂಟಕ್ಕೆ ಅಂಟಿಕೊಂಡು ನಿಲ್ಲಬೇಕಾದ ಮುಷ್ಟಿ ಪಕ್ಕೆಯ ಬಳಿ ಜೋಲಾಡುತ್ತದೆ, ಮೇಲ್ತಡೆಯಲ್ಲಿ ಕೈಯೊಡನೆ ಹೆಗಲೂ ಏರಿ ಕುತ್ತಿಗೆ ಬಿಗಿಯುತ್ತದೆ. ಈ ಐದು ದೋಷಗಳನ್ನು ಹೊತ್ತುಕೊಂಡೇ ಉನ್ಸುವಿಗೆ ಹೋದವನು ಅವುಗಳನ್ನೇ ಗಾಳಿಯಲ್ಲಿ ಪ್ರದರ್ಶಿಸಿಯಾನು. ಅಷ್ಟೇ ಅಲ್ಲ, ಫರಸಿ ಕಲ್ಲಿನ ಇಲ್ಲವೆ ಸಿಮೆಂಟಿನ ಗಟ್ಟಿ ನೆಲದ ಮೇಲೆ, ಕೆಳಗೆ ಮ್ಯಾಟು ಕೂಡ ಇಲ್ಲದೆ, ಆ ಜಿಗಿತವನ್ನು ಪದೇ ಪದೇ ಮಾಡಿ ಎಳೆಯ ಮಂಡಿಗಳಿಗೆ ತೀರದ ನೋವನ್ನು ತಂದುಕೊಂಡಾನು. ಜೋಳದ ರೊಟ್ಟಿ ತಟ್ಟುವ ನಮ್ಮ ತಾಯಂದಿರ ಅಂಗೈ ಹಿಟ್ಟಿನ ಹದವನ್ನೂ ಅಂಚಿನ ದಪ್ಪವನ್ನೂ ಕಣ್ಣಿನ ಸಹಾಯವಿಲ್ಲದೆ ಅರಿಯುವಂತೆ, ತನ್ನ ಹಿಮ್ಮಡಿ ನೆಲಕ್ಕೆ ಹತ್ತಿದೆಯೋ ಇಲ್ಲವೋ ಎಂಬುದನ್ನು ಅಭ್ಯಾಸಿಯ ದೇಹವೇ ಅರಿಯುವಷ್ಟು ಕಾಲ ಒಂದೇ ಕಟಾದಲ್ಲಿ ನಿಲ್ಲಬೇಕಾದದ್ದು ಈ ಕಾರಣಕ್ಕಾಗಿ.

ತೆಕ್ಕಿ ಶೋದಾನಿನ ವಿಷಯವಾಗಿಯೂ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಅದರ ಇಪ್ಪತ್ತೊಂಬತ್ತು ಕ್ರಿಯೆಗಳೂ ಒಂದೇ ಗೆರೆಯ ಮೇಲೆ, ಎಡಬಲಕ್ಕೆ ಮಾತ್ರ ಸರಿಯುತ್ತ ನಡೆಯುತ್ತವೆ. ಆದುದರಿಂದ ಗೋಡೆಗೆ ಬೆನ್ನು ಮಾಡಿ, ನಮ್ಮ ಹಳ್ಳಿಯ ಮನೆಗಳ ಇಕ್ಕಟ್ಟಾದ ಪಡಸಾಲೆಯಲ್ಲಿ, ಕೂತವರಿಗಾಗಲಿ ಮಲಗಿದವರಿಗಾಗಲಿ ತೊಂದರೆಯಾಗದಂತೆ ಅದನ್ನು ಆದ್ಯಂತವಾಗಿ ಮಾಡಬಹುದು. ಕುದುರೆಯೇರಿದವನ ನಿಲುವಿನಲ್ಲಿ ತೊಡೆಗಳು ನಡುಗತೊಡಗಿದರೂ ಸೊಂಟವನ್ನು ಮೇಲೇಳಗೊಡದೆ, ಒಂದು ಪಾದವನ್ನು ಇನ್ನೊಂದರ ಮುಂದೆ ದಾಟಿಸಿ, ಮೊಣಕೈಯಿಂದ ಹೊಡೆದು, ಒದೆಯಲು ಬಂದ ಕಾಲಿನಿಂದ ತಪ್ಪಿಸಿಕೊಳ್ಳಲು ಅಂಗಾಲನ್ನು ಥಟ್ಟನೆ ಒಳಕ್ಕೆ ಮೇಲೆತ್ತಿ ಇಳಿಸುವ ಆ ಕ್ರಿಯೆಯನ್ನು ಸರಿಯಾಗಿ ಮಾಡಬಲ್ಲವನ ಕಾಲಬಲವನ್ನು ಕುಸ್ತಿಯ ಪೈಲವಾನನೂ ಒಪ್ಪಿಯಾನು. ಮಳೆಗಾಲದಲ್ಲಿ ಅಂಗಳದ ಎರೆಮಣ್ಣು ಕಾಲಿಗೆ ಮೆತ್ತಿ ಹೆಜ್ಜೆಯಿಡಲು ಬಾರದಾದಾಗಲೂ, ಬೇಸಗೆಯಲ್ಲಿ ಮಾಳಿಗೆಯ ಮೇಲೆ ಕಾಲಿಡಲಾಗದಷ್ಟು ಬಿಸಿಲು ಕಾದಾಗಲೂ ನಿಲ್ಲದೆ ಮಾಡಬಹುದಾದ ಅಭ್ಯಾಸವೊಂದಿದ್ದರೆ ಅದು ಇದು.

ಹಾಗಾದರೆ ಎಲ್ಲರೂ ಹೆಯಾನ್, ತೆಕ್ಕಿಗಳಲ್ಲಿಯೇ ನಿಂತುಬಿಡಬೇಕೇ ಎಂದು ನೀವು ಕೇಳಬಹುದು. ನಾನು ಹಾಗೆ ಹೇಳುವುದಿಲ್ಲ. ಫುನಾಕೋಶಿಯವರು ಕಟಾಗಳನ್ನು ಶೋರೇಯಿ, ಶೋರಿನ್ ಎಂದು ಎರಡಾಗಿ ವಿಂಗಡಿಸಿ, ದೇಹಬಲವನ್ನು ಕಟ್ಟುವ ತೆಕ್ಕಿ, ಹಾಂಗೆತ್ಸು, ಜಿಯೋನ್ ಮೊದಲಾದವುಗಳನ್ನು ಒಂದು ಕಡೆಗೂ, ಚುರುಕುತನವನ್ನು ಬೇಡುವ ಹೆಯಾನ್, ಬಸ್ಸಾಯ್, ಕಾಂಕು, ಎಂಪಿ, ಗಾಂಕಾಕುಗಳನ್ನು ಇನ್ನೊಂದು ಕಡೆಗೂ ಇಟ್ಟರು. ಮೈಕಟ್ಟು ದಪ್ಪವಾಗಿ, ಚಲನೆ ಮಂದವಾಗಿರುವ ಹುಡುಗನಿಗೆ ಜಿಯೋನಿನ ನೇರವೂ ಪ್ರಶಾಂತವೂ ಆದ ಹೆಜ್ಜೆಗಳು ಘನತೆಯನ್ನು ತಂದುಕೊಟ್ಟಾವು; ತೆಳ್ಳಗೆ, ಹಗುರಾಗಿ, ಕಣ್ಣುಮುಚ್ಚಿ ತೆರೆಯುವುದರೊಳಗೆ ದಿಕ್ಕು ಬದಲಿಸಬಲ್ಲ ಹುಡುಗಿಗೆ ಎಂಪಿಯ ಏರಿಳಿತಗಳು ಒಪ್ಪಿಯಾವು. ಸೊಂಟದ ತಿರುವಿನಿಂದಲೇ ಸಮಸ್ತ ಬಲವನ್ನೂ ಪಡೆಯುವ ಬಸ್ಸಾಯ್ ದಾಯ್ ನಡುವಣ ಮೈಕಟ್ಟಿನವರಿಗೆಲ್ಲ ಬಹಳಕಾಲ ಪಾಠ ಹೇಳಬಲ್ಲದು; ಕಾಂಕು ದಾಯ್ ಕಟಾದಲ್ಲಿ ಹೆಯಾನುಗಳ ಅನೇಕ ಕ್ರಿಯೆಗಳು ಮರಳಿ ಎದುರಾಗುವುದರಿಂದ, ಐದನ್ನೂ ಚೆನ್ನಾಗಿ ಪಳಗಿಸಿಕೊಂಡವನಿಗೆ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ. ಮೆಚ್ಚಿನ ಕಟಾ ಎಂಬುದು ನಿಮ್ಮ ದೇಹಪ್ರಕೃತಿ, ನಿಮ್ಮ ಸ್ವಭಾವ, ನಿಮ್ಮ ಅಗತ್ಯ ಈ ಮೂರೂ ಕೂಡಿ ಆರಿಸತಕ್ಕ ವಸ್ತು. ಚಪ್ಪಾಳೆಯ ಆಸೆಗೆ ಆ ಆಯ್ಕೆಯನ್ನು ಒಪ್ಪಿಸಿಬಿಡಬಾರದು.

ಸ್ಪರ್ಧೆಗೆ ಹೋಗುವವರಿಗೂ ಈ ಮಾತು ಸಲ್ಲುತ್ತದೆ. ಕರಾಟೆ ಒಲಿಂಪಿಕ್ಸ್ ಪದಕಕ್ರೀಡೆಯಾದದ್ದು ಒಂದೇ ಒಂದು ಸಲ, ೨೦೨೧ರ ಆಗಸ್ಟಿನಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದಲ್ಲಿ. ಅಲ್ಲಿ ಪುರುಷರ ಕಟಾದಲ್ಲಿ ಸ್ವರ್ಣಪದಕ ಪಡೆದವರು ಈ ವಿದ್ಯೆಯ ತವರಾದ ಓಕಿನಾವಾದ ರ್ಯೋ ಕಿಯುನಾ. ಅಂತಿಮ ಸುತ್ತಿನಲ್ಲಿ ಅವರು ಮಾಡಿದ್ದು ತಮ್ಮದೇ ರ್ಯುಯೇಯಿ ಪರಂಪರೆಯ ಓಹಾನ್ ದಾಯ್ ಕಟಾವನ್ನು. ಮಹಿಳೆಯರಲ್ಲಿ ಸ್ಪೇನಿನ ಸಾಂದ್ರಾ ಸ್ಯಾಂಚೆಸ್ ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಚಾತನ್ಯಾರಾ ಕುಶಾಂಕುವಿನಿಂದ ಸ್ವರ್ಣವನ್ನು ಗೆದ್ದರು. ೨೦೨೪ರ ಪ್ಯಾರಿಸ್ ಕೂಟದಲ್ಲಿ ಕರಾಟೆಗೆ ಸ್ಥಳವೇ ಇರಲಿಲ್ಲ. ಕ್ರೀಡಾಕೂಟಗಳ ಪಟ್ಟಿಗಳೂ, ಅಂಕ ಕೊಡುವ ನಿಯಮಗಳೂ ಹೀಗೆ ಕಾಲಕಾಲಕ್ಕೆ ಬದಲಾಗುತ್ತ ಹೋಗುವುವಾದುದರಿಂದ, ಅವುಗಳನ್ನೇ ನೆಚ್ಚಿ ತನ್ನ ಕಟಾವನ್ನು ಆರಿಸಿಕೊಂಡವನು ಪ್ರತಿ ಬದಲಾವಣೆಗೂ ತಬ್ಬಿಬ್ಬಾಗಬೇಕಾಗುತ್ತದೆ. ಆ ವೇದಿಕೆಯಲ್ಲಿ ಗೆದ್ದವರ ಒಂದೊಂದು ತಿರುವಿನ ಹಿಂದೆಯೂ ಅದೇ ಕ್ರಿಯೆಯನ್ನು ಮಾಡಿ ಮಾಡಿ ಸವೆಸಿದ ವರ್ಷಗಳಿವೆ ಎಂಬುದನ್ನು ನಮ್ಮ ಮಕ್ಕಳಿಗೆ ತಿಳಿಸಿಹೇಳುವುದು ಪದಕದ ವರ್ಣನೆಗಿಂತ ಹೆಚ್ಚು ಉಪಕಾರಿ.

ಮಾಸ್ತರರೇ, ಇಲ್ಲಿ ನಿಮ್ಮೊಡನೆ ಒಂದು ಮಾತು. ಸಂಬಳವೆಂಬುದಿಲ್ಲದೆ, ತಿಂಗಳ ಫೀಯೂ ನೆಟ್ಟಗೆ ಬಾರದೆ, ಶಾಲೆಯ ಮೈದಾನವೋ ಸಮುದಾಯ ಭವನವೋ ಸಿಕ್ಕಲ್ಲಿ ತರಗತಿ ನಡೆಸುವ ನಿಮ್ಮ ಕಷ್ಟವನ್ನು ನಾನು ಬಲ್ಲೆ. ಬೆಲ್ಟಿನ ಬಣ್ಣ ಬೇಗ ಬದಲಾಗದಿದ್ದರೆ ಮಗುವನ್ನು ಬಿಡಿಸಿಬಿಡುವ ಮನೆಯವರ ಆತುರವನ್ನೂ ಬಲ್ಲೆ. ಆದರೂ ನೆನಪಿಡತಕ್ಕ ಒಂದು ಸಂಗತಿಯುಂಟು. ಫುನಾಕೋಶಿಯವರು ಜೂಡೋವಿನ ಪದ್ಧತಿಯನ್ನು ಅನುಸರಿಸಿ ತಮ್ಮ ಶಿಷ್ಯರಿಗೆ ಮೊಟ್ಟಮೊದಲು ದಾನ್ ಎಂಬ ಕಪ್ಪು ಬೆಲ್ಟಿನ ಪದವಿಗಳನ್ನು ಕೊಟ್ಟದ್ದು ೧೯೨೪ರಲ್ಲಿ. ಕಟಾಗಳಾದರೋ ಅದಕ್ಕೆ ಎಷ್ಟೋ ಮೊದಲಿನಿಂದ ಇದ್ದವು. ಬೆಲ್ಟು ಹೊಸತು, ಕಟಾ ಹಳೆಯದು. ಗ್ರೇಡಿಂಗಿಗೆ ನಿಂತ ವಿದ್ಯಾರ್ಥಿಗೆ ಹೊಸದೊಂದು ಕಟಾವನ್ನು ಅವಸರವಸರವಾಗಿ ಕಲಿಸಿ ಹತ್ತುಗಟ್ಟಲೆ ಹೆಸರುಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಅವನು ಮೊದಲು ಕಲಿತ ಕಟಾದ ಒಂದೊಂದು ಕ್ರಿಯೆಗೂ ಪ್ರಯೋಜನವೇನು, ಹಿಡಿದ ಕೈ ಯಾವುದು, ಬಿಡಿಸಿಕೊಳ್ಳುವ ದಿಕ್ಕು ಯಾವುದು ಎಂಬುದನ್ನು ಜೊತೆಗಾರನೊಬ್ಬನನ್ನು ನಿಲ್ಲಿಸಿ ತೋರಿಸುವಂತೆ ಕೇಳಿರಿ. ನೀವು ಬುಂಕಾಯ್ ಎಂದು ಕರೆಯುವ ಈ ವಿವರಣೆಯಿಲ್ಲದ ಕಟಾ ಮೈಯ ಕಸರತ್ತಾಗಿ ಮಾತ್ರ ಉಳಿದೀತು.

ಇದನ್ನು ನಾನು ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ. ಸಮಗ್ರ ಶಿಕ್ಷಣ ಯೋಜನೆಯಡಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಸರ್ಕಾರಿ ಶಾಲೆಗಳಲ್ಲಿಯೂ, ಚಿತ್ರದುರ್ಗದ ಓಬವ್ವನ ಹೆಸರಿನಲ್ಲಿ ವಿದ್ಯಾರ್ಥಿನಿಲಯಗಳಲ್ಲಿಯೂ ಬಾಲಿಕೆಯರಿಗೆ ಆತ್ಮರಕ್ಷಣೆಯ ತರಬೇತಿ ನಡೆಯುವ ಏರ್ಪಾಟಾಗಿರುವುದು ಸಂತೋಷದ ವಿಷಯ. ಶಾಲೆಗಳ ತರಬೇತಿಯ ಅವಧಿಯಾದರೋ ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಹತ್ತು ಬಗೆಯ ಹೊಡೆತ, ಹತ್ತು ಬಗೆಯ ಒದೆತಗಳನ್ನು ಚೂರುಚೂರಾಗಿ ತೋರಿಸಿ ಹೋದರೆ, ನಾಲ್ಕನೆಯ ತಿಂಗಳಿಗೆ ಅವುಗಳಲ್ಲಿ ಒಂದಾದರೂ ನೆನಪಿನಲ್ಲಿ ಉಳಿಯುವುದು ಕಷ್ಟ. ಅದರ ಬದಲಾಗಿ ಒಂದೇ ಒಂದು ಚಿಕ್ಕ ಕಟಾವನ್ನು, ಅದರ ಬುಂಕಾಯ್ ಸಹಿತವಾಗಿ, ಅವಳ ಸೊತ್ತಾಗುವಂತೆ ಕಲಿಸಿದ್ದೇ ಆದರೆ, ತರಬೇತಿ ಮುಗಿದು ಶಿಕ್ಷಕರು ಹೊರಟುಹೋದ ಮೇಲೂ ಅವಳು ಮನೆಯ ಹಿತ್ತಿಲಲ್ಲಿ, ಹೊಲದ ಕಣದಲ್ಲಿ, ಹಾಸ್ಟೆಲಿನ ವರಾಂಡದಲ್ಲಿ ಅದನ್ನು ಮುಂದುವರಿಸಿಕೊಂಡು ಹೋಗಬಲ್ಲಳು. ಹೆಯಾನ್ ಶೋದಾನಿನಲ್ಲಿ ಹಿಡಿತದಿಂದ ಕೈ ಕೀಳುವ ಆ ಒಂದು ಕ್ರಿಯೆಯೇ ನಿತ್ಯಾಭ್ಯಾಸದಿಂದ ಮೈಗೂಡಿದರೆ ಎಷ್ಟೋ ಉಪಕಾರವಾದೀತು. ಕಟಾ ಬಂದುಬಿಟ್ಟರೆ ಯಾವ ಅಪಾಯವೂ ತಟ್ಟದೆಂಬ ಭ್ರಮೆಯನ್ನು ಮಾತ್ರ ಯಾರೂ ಮಕ್ಕಳಲ್ಲಿ ಬಿತ್ತಕೂಡದು. ಗಟ್ಟಿಯಾಗಿ ಕೂಗುವುದು, ಅಲ್ಲಿಂದ ಓಡುವುದು, ನಂಬಿದ ಹಿರಿಯರಿಗೆ ಅಂಜದೆ ತಿಳಿಸುವುದು, ಮಕ್ಕಳ ಸಹಾಯವಾಣಿ ೧೦೯೮ಕ್ಕಾಗಲಿ ತುರ್ತು ಸಂಖ್ಯೆ ೧೧೨ಕ್ಕಾಗಲಿ ಕರೆಮಾಡುವುದು, ಇವೂ ಆತ್ಮರಕ್ಷಣೆಯ ಪಾಠಗಳೇ. ಕಿಯಾಯ್ ಹೊರಡಿಸಲು ನಾಚುವ ಬಾಲಿಕೆಗೆ ಮೊದಲು ಕಲಿಸತಕ್ಕದ್ದು ಆ ಧ್ವನಿಯನ್ನೇ.

ತರುಣರೇ, ನಮ್ಮ ಸೀಮೆಯ ಬದುಕು ನಿಮಗೆ ತಿಳಿಯದ್ದಲ್ಲ. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗುಳೆ ಹೊರಡುವುದುಂಟು. ಓದು ಮುಗಿದವರು ಕೆಲಸ ಹುಡುಕಿಕೊಂಡು ಪುಣೆ, ಮುಂಬಯಿ, ಗೋವೆ, ಬೆಂಗಳೂರುಗಳಿಗೆ ಹೋಗುವುದುಂಟು. ಹುಡುಗಿಯರು ಮದುವೆಯಾಗಿ ಬೇರೆ ಊರಿನ, ಕರಾಟೆಯ ಹೆಸರನ್ನೂ ಕೇಳಿರದ ಮನೆಗಳಿಗೆ ಸೇರುವುದುಂಟು. ಅಂದು ನಿಮ್ಮ ಮಾಸ್ತರರು ನಿಮ್ಮೊಡನೆ ಬರುವುದಿಲ್ಲ, ಜೊತೆಗಾರರು ಬರುವುದಿಲ್ಲ, ಪೆಟ್ಟಿಗೆಯಲ್ಲಿಟ್ಟ ಪ್ರಮಾಣಪತ್ರಗಳೂ ಟ್ರೋಫಿಗಳೂ ಮನೆಯಲ್ಲಿಯೇ ಉಳಿಯುತ್ತವೆ. ದಿನದ ದುಡಿಮೆಯಿಂದ ಬಳಲಿ ಬಾಡಿಗೆಯ ಕೋಣೆಗೆ ಮರಳಿದವನ ಸಂಗಡ ಉಳಿಯಬಲ್ಲುದು, ಹೊಸ ಮನೆಯಲ್ಲಿ ಬೆಳಗಿನ ಜಾವ ಹತ್ತು ನಿಮಿಷದ ಏಕಾಂತವನ್ನು ದೊರಕಿಸಿಕೊಂಡವಳ ಸಂಗಡ ಉಳಿಯಬಲ್ಲುದು ದೇಹಕ್ಕೆ ಕರಗತವಾದ ಆ ಒಂದು ಕಟಾ ಮಾತ್ರ. ಆದಕಾರಣ ಕಟಾವನ್ನು ಆರಿಸಿಕೊಳ್ಳುವಾಗ ಈ ಮೂರು ವಿಷಯಗಳನ್ನು ಪರೀಕ್ಷಿಸಿರಿ: ನಾನಿರುವ ಇಕ್ಕಟ್ಟಿನಲ್ಲಿ ಇದನ್ನು ಮಾಡಲು ಬಂದೀತೇ? ಹೇಳಿಕೊಡುವವರಾರೂ ಇಲ್ಲದಾಗಲೂ ನನ್ನ ತಪ್ಪನ್ನು ನಾನೇ ಕಂಡುಕೊಳ್ಳುವಷ್ಟು ಇದು ನನಗೆ ತಿಳಿದಿದೆಯೇ? ನಲವತ್ತು ದಾಟಿದ ಮೇಲೂ ನನ್ನ ಮಂಡಿ, ಸೊಂಟಗಳು ಇದನ್ನು ತಾಳಿಕೊಂಡಾವೇ? ಮೂರಕ್ಕೂ ಹೌದೆಂಬ ಉತ್ತರ ಬಂದ ಕಟಾ ಯಾವುದೋ ಅದೇ ನಿಮ್ಮದು, ಅದು ಬಿಳಿ ಬೆಲ್ಟಿನವರ ಕಟಾ ಎಂದು ಲೋಕ ಕರೆದರೂ ಚಿಂತೆಯಿಲ್ಲ.

ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೇ: ಮಗು ತರಗತಿಯಿಂದ ಮನೆಗೆ ಬಂದಾಗ ಬೆಲ್ಟು ಯಾವಾಗ ಬದಲಾಗುವುದೆಂದು ಕೇಳುವ ಬದಲು, ಇಂದು ಕಲಿತ ಕಟಾವನ್ನು ಒಮ್ಮೆ ಮಾಡಿ ತೋರಿಸೆಂದು ಕೇಳಿರಿ, ನಿಮಗೆ ಅದರ ಶಾಸ್ತ್ರ ತಿಳಿಯದಿದ್ದರೂ, ನೋಡುವವರೊಬ್ಬರಿದ್ದಾರೆಂಬ ಭಾವವೇ ಮಗುವಿನ ಹೆಜ್ಜೆಯನ್ನು ನೇರಗೊಳಿಸುತ್ತದೆ. ಮಾಸ್ತರರಲ್ಲಿ ನನ್ನ ಬಿನ್ನಹ: ನಿಮ್ಮ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಗೂ, ಅವನ ಇಲ್ಲವೆ ಅವಳ ಮೈಕಟ್ಟನ್ನೂ ಮನೆಯ ಸ್ಥಿತಿಯನ್ನೂ ವಿಚಾರಿಸಿ, ಒಂದೊಂದು ಕಟಾವನ್ನು ಹೆಸರಿಟ್ಟು ಒಪ್ಪಿಸಿರಿ, ವರ್ಷಕ್ಕೊಮ್ಮೆಯಾದರೂ ಅದನ್ನು ಒಬ್ಬೊಬ್ಬರಿಂದ ಪ್ರತ್ಯೇಕವಾಗಿ ಮಾಡಿಸಿ ನೋಡಿರಿ. ಅಭ್ಯಾಸಿಗಳಲ್ಲಿ ನನ್ನ ಬಿನ್ನಹ: ಈ ತಿಂಗಳೊಳಗೆ ಒಂದು ಕಟಾವನ್ನು ಆರಿಸಿಕೊಳ್ಳಿರಿ, ದಿನಕ್ಕೆ ಮೂರು ಸಲ ಅದನ್ನು ಮಾಡಿರಿ, ಮೂರು ವರ್ಷ ಅದರ ಕೈಬಿಡಬೇಡಿರಿ. ಮುಂದೆ ಯಾರಾದರೂ ನಿಮ್ಮ ಮೆಚ್ಚಿನ ಕಟಾ ಯಾವುದೆಂದು ಕೇಳಿದರೆ, ಹೆಸರು ಹೇಳುವುದಕ್ಕೆ ಮೊದಲು ಎದ್ದು ನಿಂತು ಅದನ್ನು ಮಾಡಿ ತೋರಿಸಿರಿ.

ಇತಿ ನಿಮ್ಮ ಹಿತಚಿಂತಕ,
ಮೋರಟಗಿಯ ಒಬ್ಬ ಹಳೆಯ ಅಭ್ಯಾಸಿ